ಕೊರಿಯಾದ ಹತ್ತು ಹಂತ, ಬಿಳಿಚೋಡಿನ ಒಂದು ಮುಖ

ನಲವತ್ತಾರು ವರ್ಷ ನನ್ನ ಮುಖ ನೀರು, ಸೋಪು, ವಿಭೂತಿ ಈ ಮೂರನ್ನು ಬಿಟ್ಟು ನಾಲ್ಕನೆಯದನ್ನು ಕಂಡದ್ದಿಲ್ಲ. ಮದುವೆಯ ಹೊತ್ತಿಗೆ ಒಮ್ಮೆ ಅರಿಶಿನ ಕಂಡಿತ್ತು, ಅದೂ ನೆಂಟರ ಬಲವಂತಕ್ಕೆ. ಇದೊಂದು ದೊಡ್ಡ ಗುಣವೆಂಬಂತೆ ನಾನು ಹೇಳಿಕೊಂಡು ತಿರುಗುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವವರು ಯಾವುದಾದರೂ ಕ್ರೀಮಿನ ಮಾತೆತ್ತಿದರೆ "ನಮಗೆಲ್ಲಿ ರೀ ಅವೆಲ್ಲ" ಎಂದು ಮೂಗು ಮುರಿಯುತ್ತಿದ್ದೆ. ನಾವು ಸರಳತೆ ಅಂತ ಕರೆಯುವುದರಲ್ಲಿ ಅರ್ಧ ಸೋಮಾರಿತನ ಇರುತ್ತದೆ, ಉಳಿದರ್ಧ ಕನ್ನಡಿಯ ಭಯ. ಇದು ನನಗೆ ತಿಳಿಯಬೇಕಾದರೆ ಜಗಳೂರು ತಾಲ್ಲೂಕಿಗೆ ವರ್ಗವಾಗಬೇಕಾಯಿತು.

ನಾನು ಸರ್ಕಾರಿ ಆರೋಗ್ಯ ಸಹಾಯಕಿ. ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರ ತೂಕ ನೋಡುವುದು, ವಯಸ್ಸಾದವರ ಬಿ.ಪಿ. ಬರೆದಿಡುವುದು, ಮನೆಮನೆ ಸುತ್ತುವುದು ನನ್ನ ಕೆಲಸ. ಊರವರ ಬಾಯಲ್ಲಿ ಸಿಸ್ಟರ್. ಹುಟ್ಟಿದ್ದು ಹೊನ್ನಾಳಿಯಲ್ಲಿ, ಹೊಳೆಯ ನೀರಿನಲ್ಲಿ ಮುಖ ತೊಳೆದು ಬೆಳೆದವಳು. ಕೊಟ್ಟದ್ದು ಚನ್ನಗಿರಿಗೆ, ನಮ್ಮ ಮನೆಯವರಿಗೆ ಅಲ್ಲೊಂದು ಹಾರ್ಡ್‌ವೇರ್ ಅಂಗಡಿ ಇದೆ. ಕೆಲಸ ಮಾಡಿದ್ದು ನ್ಯಾಮತಿ ತಾಲ್ಲೂಕಿನ ಸವಳಂಗದಲ್ಲಿ, ಹತ್ತೊಂಬತ್ತು ವರ್ಷ. ಸವಳಂಗದ ಗಾಳಿಯಲ್ಲಿ ತೇವ ಇರುತ್ತದೆ. ಹತ್ತು ಗಂಟೆಗೆಲ್ಲ ನನ್ನ ಮುಖ ಒಗ್ಗರಣೆ ಹಾಕಿದಂತೆ ಮಿರಮಿರ ಮಿಂಚುತ್ತಿತ್ತು, ಸೆರಗಿನಲ್ಲಿ ಒರೆಸಿಕೊಂಡರೆ ಮುಗಿಯಿತು. ಆಮೇಲೆ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ವರ್ಗವಾಯಿತು. ಇಲ್ಲಿಯ ಗಾಳಿಗೆ ನೀರಿನ ಪರಿಚಯವಿಲ್ಲ. ಬಂದ ಮೂರನೇ ತಿಂಗಳಿಗೆ ನನ್ನ ಕೆನ್ನೆ ಸುಣ್ಣ ಎದ್ದ ಗೋಡೆಯಂತಾಯಿತು. ನಕ್ಕರೆ ತುಟಿಯ ಎರಡೂ ಪಕ್ಕ ಚುರುಚುರು. ಹಾಗಾಗಿ ನಗುವುದನ್ನು ಕಡಿಮೆ ಮಾಡಿದೆ. ಹೊಸ ಸಿಸ್ಟರ್ ಬಲು ಬಿಗಿ ಅಂತ ಊರಿನಲ್ಲಿ ಹೆಸರಾಯಿತು. ಆ ಹೆಸರಿನಿಂದ ಕೆಲಸಕ್ಕೆ ಅನುಕೂಲವೇ ಆಯಿತೆನ್ನಿ.

ನನ್ನ ಜೊತೆ ಬಿಳಿಚೋಡಿಗೆ ಬಂದವರು ನಮ್ಮ ಅತ್ತೆ ಗೌರಮ್ಮನವರು. ಮಗನ ಮನೆಯಲ್ಲಿ ಇರುವುದು ಬಿಟ್ಟು ಸೊಸೆಯ ಹಿಂದೆ ಗಂಟು ಕಟ್ಟಿದ ಅತ್ತೆಯನ್ನು ನೀವು ಹೆಚ್ಚು ನೋಡಿರಲಾರಿರಿ. "ಅವನು ಅಂಗಡಿ ಎದುರಿನ ಹೋಟ್ಲಾಗೆ ಉಣ್ತಾನೆ. ನೀನಾದ್ರೆ ಮೂರು ಹೊತ್ತೂ ಉಪ್ಪಿಟ್ಟು ತಿಂದು ಬಿ.ಪಿ. ಬರಿಸ್ಕಂತೀಯ" ಎಂದು ಕಾರಣ ಕೊಟ್ಟರು. ನಿಜವಾದ ಕಾರಣ ಬೇರೆ ಇತ್ತೆಂದು ನನ್ನ ಗುಮಾನಿ. ಐವತ್ತು ವರ್ಷ ಒಂದೇ ಬೀದಿಯಲ್ಲಿ, ಒಂದೇ ನೆರೆಮನೆಯವರ ಜೊತೆ, ಒಂದೇ ಜಗಳ ಆಡಿ ಅವರಿಗೂ ಒಂದು ವರ್ಗಾವಣೆ ಬೇಕೆನಿಸಿತ್ತು. ಆಸ್ಪತ್ರೆ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಪಕ್ಕಪಕ್ಕ ಮಣೆ ಹಾಕಿಕೊಂಡು ಕೂತು ಇಷ್ಟಲಿಂಗ ಪೂಜೆ ಮಾಡಿಕೊಳ್ಳುವೆವು. ಆಮೇಲೆ ಅವರು ರೊಟ್ಟಿಗೆ, ನಾನು ಲಸಿಕೆಗೆ.

ಶಿವರಾತ್ರಿಗೆ ಮುಂಚೆ ಒಂದು ದಿನ ಬಿ.ಪಿ. ನೋಡಿಸಿಕೊಳ್ಳಲು ಕೆಂಚಮ್ಮ ಎಂಬ ಕುರಿ ಸಾಕುವ ಹೆಂಗಸು ಬಂದರು. ಹೆಸರು ಬರೆದುಕೊಂಡು ವಯಸ್ಸು ಕೇಳಿದೆ. "ನನಗೇನ್ ಗೊತ್ತೈತ್ರಿ ಸಿಸ್ಟ್ರೇ. ನಿಮ್ಮ ವಾರಿಗೀದೇ ಬರ್ಕಳ್ರಿ" ಅಂದರು. ವಾರಿಗೆ ಅಂದರೆ ಸಮವಯಸ್ಸು. ನಾನು ಸಂತೋಷವಾಗಿ ನಲವತ್ತಾರು ಅಂತ ಬರೆದೆ. ಕೆಳಗೆ ಆಧಾರ್ ನಂಬರ್ ಬರೆಯಬೇಕಿತ್ತು, ಕಾರ್ಡು ಈಸಿಕೊಂಡು ನೋಡಿದರೆ ಅರವತ್ಮೂರು. ಕೆಂಚಮ್ಮ ಸುಳ್ಳು ಹೇಳಿರಲಿಲ್ಲ. ನನ್ನ ಮುಖವನ್ನು ಸರಿಯಾಗಿ ನೋಡಿಯೇ ಹೇಳಿದ್ದರು. ಆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದೆ. ಅವರ ಬಿ.ಪಿ. ಸರಿಯಾಗಿತ್ತು, ನನ್ನದನ್ನು ನೋಡಿಕೊಳ್ಳಲಿಲ್ಲ.

ಆ ಶನಿವಾರ ಮಗಳು ಸಿಂಚನಾ ದಾವಣಗೆರೆಯ ಹಾಸ್ಟೆಲ್‌ನಿಂದ ಬಂದಳು. ಬಿ.ಕಾಂ. ಎರಡನೇ ವರ್ಷ. ಕೊರಿಯಾದ ಸೀರಿಯಲ್ಲುಗಳನ್ನು ಎಷ್ಟು ನೋಡಿದ್ದಾಳೆಂದರೆ ಫೋನಿನಲ್ಲಿ ಮಾತು ಮುಗಿಸುವಾಗ ಎದುರಿಗೆ ಯಾರೂ ಇಲ್ಲದಿದ್ದರೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಾಳೆ. ಅವಳ ಹತ್ತಿರ ಕೆಂಚಮ್ಮನ ಕಥೆ ಹೇಳಿಕೊಂಡೆ. ತಾಯಿಯ ಸಂಕಟಕ್ಕೆ ಮಗಳು ಕರಗಬೇಕಷ್ಟೆ. ಇವಳು ಬೆರಳಲ್ಲಿ ನನ್ನ ಕೆನ್ನೆ ಒತ್ತಿ, ಟೊಮೆಟೊ ಆರಿಸುವವರಂತೆ ನೋಡಿ, "ಕೆಂಚಮ್ಮಾರದ್ದು ತಪ್ಪಿಲ್ಲ ಬಿಡಮ್ಮ, ನಿನ್ನ ಸ್ಕಿನ್ ಪೂರ್ತಿ ಒಣಗೈತೆ" ಅಂದಳು. ಮೊಬೈಲಿನಲ್ಲಿ ಒಬ್ಬ ನಟಿಯ ಚಿತ್ರ ತೋರಿಸಿದಳು. ನನ್ನದೇ ವಯಸ್ಸಂತೆ. ಮುಖ ಈಗತಾನೆ ಸಿಪ್ಪೆ ಸುಲಿದ ತಾಟಿನುಂಗಿನ ಹಾಗಿತ್ತು. "ಇದಕ್ಕೆ ಗ್ಲಾಸ್ ಸ್ಕಿನ್ ಅಂತಾರೆ" ಅಂದಳು. ಮೂಲೆಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ತಲೆ ಎತ್ತಿ, "ಯಾವ ಗ್ಲಾಸು? ಸ್ಟೀಲಿಂದೋ ಗಾಜಿಂದೋ?" ಎಂದು ಕೇಳಿದರು.

ಮುಂದಿನ ಶನಿವಾರ ಅವಳ ಬ್ಯಾಗಿನಿಂದ ಹತ್ತು ಬಾಟ್ಲಿ, ಡಬ್ಬಿ, ಟ್ಯೂಬುಗಳು ಹೊರಬಂದವು. ಮುಖಕ್ಕೆ ಎಣ್ಣೆ ಹಚ್ಚಿ ತೊಳೆಯುವುದು ಒಂದನೇ ಹಂತ, ನೊರೆ ಹಚ್ಚಿ ತೊಳೆಯುವುದು ಎರಡು, ಸತ್ತ ಚರ್ಮ ತೆಗೆಯುವ ದ್ರವ ಮೂರು. ಆಮೇಲೆ ಟೋನರ್, ಎಸೆನ್ಸ್, ಸೀರಮ್, ಮುಖದ ಮೇಲೆ ಹೊದಿಸುವ ಒದ್ದೆ ಹಾಳೆ, ಕಣ್ಣಿಗೊಂದು ಕ್ರೀಮು, ಮುಖಕ್ಕೊಂದು ಕ್ರೀಮು, ಕೊನೆಗೆ ಬಿಸಿಲಿಗೊಂದು ಕ್ರೀಮು. ಒಂದು ಕಾಗದದಲ್ಲಿ ಎಲ್ಲವನ್ನೂ ಬರೆದು ಕನ್ನಡಿಯ ಪಕ್ಕಕ್ಕೆ ಅಂಟಿಸಿದಳು. ಯಾವುದು ಬೆಳಿಗ್ಗೆ, ಯಾವುದು ಸಂಜೆ, ಯಾವುದು ದಿನಾ, ಯಾವುದು ವಾರಕ್ಕೆ ಎರಡೇ ಸಲ, ಎಲ್ಲವೂ ಅದರಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಪಟ್ಟಿಗೇ ಹೆದರಿ ಓಡುತ್ತಿದ್ದರು. ನನಗೆ ನೋಡಿದ ಕೂಡಲೇ ಪ್ರೀತಿ ಹುಟ್ಟಿತು. ಹುಟ್ಟಿದಾಗ, ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ ಅಂತ ಲಸಿಕೆಯ ಪಟ್ಟಿ ನೋಡಿಕೊಂಡೇ ಜೀವನ ಸಾಗಿಸಿದವಳು ನಾನು. ಪಟ್ಟಿ ಇದ್ದಮೇಲೆ ಫಲ ಇದ್ದೇ ಇರುತ್ತದೆ ಅನ್ನುವುದು ನನ್ನ ನಂಬಿಕೆ.

ಮೊದಲ ತಕರಾರು ನೀರಿನದು. ನಮ್ಮ ಕ್ವಾರ್ಟರ್ಸಿಗೆ ಬೋರಿನ ನೀರು, ಅದೂ ದಿನ ಬಿಟ್ಟು ದಿನ. ಬೇಳೆ ಬೇಯಿಸಲು ಹೋದರೆ ಬೇಳೆ ಗೆಲ್ಲುತ್ತದೆ, ಅಂಥ ಗಡುಸು. ಆ ನೀರಿನಲ್ಲಿ ನಾನು ಎರಡು ಸಲ ಮುಖ ತೊಳೆಯುವುದನ್ನು ಅತ್ತೆ ನಾಲ್ಕು ದಿನ ಸುಮ್ಮನೆ ನೋಡಿದರು. ಐದನೇ ದಿನ ಕೇಳಿದರು: "ಎಣ್ಣೆ ಹಚ್ಚಿ ತೊಳೀತೀಯ, ಸೋಪು ಹಚ್ಚಿ ತೊಳೀತೀಯ. ಆಮ್ಯಾಲೆ ನೀರಿನಂಥಾದ್ದು ಹಚ್ಕಂತೀಯ, ಎಣ್ಣೆಯಂಥಾದ್ದು ಹಚ್ಕಂತೀಯ. ಮೊದ್ಲು ಇದ್ದಿದ್ದನ್ನೇ ಬಿಟ್ಟಿದ್ರೆ ಒಂದು ಕೊಡ ನೀರು ಉಳೀತಿರ್ಲಿಲ್ವೇನು?" ಇದಕ್ಕೆ ವೈಜ್ಞಾನಿಕವಾದ ಉತ್ತರ ಇದೆ ಎಂದೆ. ಏನು ಉತ್ತರ ಎಂದರು. ಮಗಳಿಗೆ ಫೋನು ಮಾಡಿದೆ, ಅವಳು ಎತ್ತಲಿಲ್ಲ.

ಎರಡನೆಯದು ಒದ್ದೆ ಹಾಳೆಯ ಪ್ರಕರಣ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆ ಹಾಳೆಯನ್ನು ಮುಖದ ಮೇಲೆ ಹಾಸಿಕೊಂಡು ಮಲಗಿದ್ದೆ. ಕಣ್ಣಿಗೆರಡು, ಬಾಯಿಗೊಂದು ತೂತು ಇರುವ ಬಿಳಿ ಹಾಳೆ, ಇಪ್ಪತ್ತು ನಿಮಿಷ ಅಲ್ಲಾಡುವ ಹಾಗಿಲ್ಲ. ಹತ್ತನೇ ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಆಸ್ಪತ್ರೆಗೆ ರಜೆಯಿದ್ದ ದಿನ ಬಾಗಿಲು ಬಡಿದರೆ ತುರ್ತೇ ಇರುತ್ತದೆ. ಮುಖದ ಮೇಲಿದ್ದುದು ಮರೆತು ಎದ್ದುಹೋಗಿ ಬಾಗಿಲು ತೆಗೆದೆ. ಹಟ್ಟಿಯ ತಿಮ್ಮಪ್ಪ ಕುಡುಗೋಲಿನಲ್ಲಿ ಬೆರಳು ಕೊಯ್ದುಕೊಂಡು ಟವಲ್ ಸುತ್ತಿಕೊಂಡು ನಿಂತಿದ್ದ. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಬಹಳ ಮರ್ಯಾದೆಯಿಂದ, "ಸಿಸ್ಟರ್ ಇಲ್ವೇನ್ರೀ?" ಎಂದು ಕೇಳಿದ. "ನಾನೇ ಕಣಪ್ಪ, ಬಾ" ಎಂದು ಹಾಳೆ ಕಿತ್ತು ಪಕ್ಕಕ್ಕಿಟ್ಟು, ಗಾಯ ತೊಳೆದು ಕಟ್ಟು ಹಾಕಿ, ಟಿಟಿ ಚುಚ್ಚಿ ಕಳಿಸಿದೆ. ಅಷ್ಟು ಹೊತ್ತೂ ಆತ ತನ್ನ ಬೆರಳು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಏನಾದರೂ ಹೇಳಬೇಕಿತ್ತು. ಅಂದವಾಗಲೆಂದು ಹಾಕಿಕೊಂಡಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ.

ಹೇಳದೆ ಬಿಟ್ಟದ್ದರ ಫಲ ಸೋಮವಾರ ಗೊತ್ತಾಯಿತು. ಸಿಸ್ಟರ್ ಮುಖ ಸುಟ್ಟುಕೊಂಡಿದ್ದಾರೆ, ಮುಖಕ್ಕೆಲ್ಲ ಬ್ಯಾಂಡೇಜು ಹಾಕಿದ್ದಾರೆ ಎಂದು ಊರಿಗೆ ಊರೇ ಮಾತಾಡುತ್ತಿತ್ತು. ಸಂಜೆಯೊಳಗೆ ಮನೆಗೆ ಒಬ್ಬರು ಲೋಳೆಸರ ತಂದರು, ಒಬ್ಬರು ಬೆಣ್ಣೆ ತಂದರು, ಕೆಂಚಮ್ಮ ಕುರಿಹಾಲು ತಂದರು. ನನ್ನ ಮುಖ ಸರಿಯಾಗಿಯೇ ಇರುವುದನ್ನು ಕಂಡು ಎಲ್ಲರೂ ಸ್ವಲ್ಪ ಪೆಚ್ಚಾದರು. ಕೆಂಚಮ್ಮ ಮಾತ್ರ ಹತ್ತಿರ ಬಂದು ನೋಡಿ, "ಬೇಗ ವಾಸಿ ಆಗೈತೆ, ಆದ್ರೆ ಕಲೆ ಉಳದೈತೆ" ಅಂದರು. ಅದು ಕಲೆ ಅಲ್ಲ, ನನ್ನ ಬಣ್ಣವೇ ಅದು ಎಂದು ಹೇಳುವ ಧೈರ್ಯ ಆಗಲಿಲ್ಲ. ಬಿಗಿ ಸಿಸ್ಟರ್‌ಗೆ ಒಂದು ಪಾತ್ರೆ ಬೆಣ್ಣೆ ತಂದುಕೊಡುವಷ್ಟು ಪ್ರೀತಿ ಈ ಊರಿನಲ್ಲಿ ಇದೆ ಅನ್ನುವುದು ಅವತ್ತು ನನಗೆ ಗೊತ್ತಾಯಿತು. ಬೆಣ್ಣೆಯನ್ನು ಅತ್ತೆ ಕಾಯಿಸಿ ತುಪ್ಪ ಮಾಡಿದರು.

ಮೂರನೆಯದನ್ನು ಪ್ರಕರಣ ಅನ್ನಲಾರೆ, ಅದು ಮನೆಯ ಒಳಗಿನ ಮಾತು. ಐದನೇ ಹಂತದ ಎಸೆನ್ಸು ಲೋಳೆಲೋಳೆಯಾಗಿ, ಬೆರಳಿಗೆ ಅಂಟಿ ನೂಲಿನಂತೆ ಬರುತ್ತಿತ್ತು. ಹಚ್ಚಿದರೆ ತಂಪು. ಹತ್ತರಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ಅದು ಏನೆಂದು ನಾನು ಕೇಳಿರಲಿಲ್ಲ, ಬಾಟ್ಲಿಯ ಮೇಲಿನ ಕೊರಿಯಾ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ಒಂದು ಶನಿವಾರ ಅತ್ತೆಯೇ ಮೊಮ್ಮಗಳನ್ನು ಕೇಳಿದರು, "ಇದು ಯಾವ ಗಿಡದ್ದವ್ವ ಲೋಳೆ?" ಸಿಂಚನಾ ಮೊಬೈಲು ನೋಡುತ್ತಲೇ, "ಗಿಡದ್ದಲ್ಲ ಅಜ್ಜಿ, ಬಸವನಹುಳದ್ದು" ಅಂದಳು.

ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ ನಮ್ಮದು. ಹನ್ನೆರಡು ದಿನಗಳಿಂದ ನಾನು ಅದನ್ನು ಹಚ್ಚಿಕೊಂಡು ಅತ್ತೆಯ ಪಕ್ಕದಲ್ಲಿ ಕೂತು, ಅದರ ಮೇಲೆ ವಿಭೂತಿ ಧರಿಸಿ ಪೂಜೆ ಮಾಡಿದ್ದೆ. ವಿಭೂತಿ ಎಂದೂ ಇಲ್ಲದಷ್ಟು ಚೆನ್ನಾಗಿ ಹಿಡಿಯುತ್ತದಲ್ಲ ಅಂತ ಖುಷಿಪಟ್ಟಿದ್ದೆ ಬೇರೆ. ಅತ್ತೆ ಕೂಗಾಡುತ್ತಾರೆ ಅಂದುಕೊಂಡೆ. ಅವರು ಮೆಲ್ಲಗೆ, "ಹುಳಾನ ಏನ್ ಮಾಡ್ತಾರೆ, ಸಾಯಿಸ್ತಾರೇನು?" ಎಂದು ಕೇಳಿದರು. ಸಿಂಚನಾಗೆ ಈಗ ಸನ್ನಿವೇಶದ ಅರಿವಾಗಿತ್ತು. "ಇಲ್ಲ ಅಜ್ಜಿ, ಜಾಲರಿ ಮೇಲೆ ನಡದಾಡಾಕೆ ಬಿಡ್ತಾರಂತೆ, ಅದು ಬಿಟ್ಟು ಹೋದ ಲೋಳೆ ತಗಂತಾರಂತೆ" ಅಂದಳು. ಅತ್ತೆ ಯೋಚಿಸಿದರು. "ಹಂಗಂದ್ರೆ ಅದು ನಡದು ಹೋದ ದಾರಿ ನಿಮ್ಮಮ್ಮನ ಮುಖದ ಮ್ಯಾಲೈತೆ ಅನ್ನು" ಅಂದು ಎದ್ದು ಒಳಗೆ ಹೋದರು. ಮಾರನೇ ದಿನ ಬೆಳಿಗ್ಗೆ ಪೂಜೆಗೆ ಕೂತಾಗ ಅವರ ಮಣೆ ನನ್ನ ಮಣೆಯಿಂದ ಒಂದು ಮೊಳ ದೂರ ಇತ್ತು. ಬಸವಣ್ಣನ ಹೆಸರಿನ ಜೀವ, ಕಾಲಲ್ಲಿ ತುಳಿಯಬಾರದು ಅಂತ ಅವರು ಚಿಕ್ಕಂದಿನಿಂದ ನಂಬಿದ್ದವರು. ನನಗೆ ಬೈಗುಳ ಸಹಿಸಿ ಅಭ್ಯಾಸ ಇದೆ. ಆ ಒಂದು ಮೊಳ ಸಹಿಸಲು ಆಗಲಿಲ್ಲ. ಬಾಟ್ಲಿಯನ್ನು ಮಗಳ ಬ್ಯಾಗಿಗೆ ವಾಪಸ್ಸು ತುರುಕಿದೆ. ಮಣೆ ಮಾತ್ರ ಅಲ್ಲೇ ಉಳಿಯಿತು.

ಮನಸ್ಸಿನ ಬೇಸರಕ್ಕೋ ಏನೋ, ನಾನು ಉಳಿದ ಒಂಬತ್ತರ ಮೇಲೆ ಜೋರಾಗಿ ಬಿದ್ದೆ. ತಂಪಿನ ಎಸೆನ್ಸು ಹೋಯಿತಲ್ಲ, ಆ ಕೊರತೆ ತುಂಬಬೇಕೆಂದು ಮೂರನೇ ಹಂತದ ದ್ರವವನ್ನು ಹಿಡಿದೆ. ಹಚ್ಚಿದರೆ ಸಣ್ಣಗೆ ಚುರುಗುಟ್ಟುತ್ತಿತ್ತು. ಚುರುಗುಟ್ಟಿದರೆ ಔಷಧಿ ಕೆಲಸ ಮಾಡುತ್ತಿದೆ ಅಂತ ನಂಬುವ ರೋಗಿಗಳನ್ನು ನಾನು ಎಷ್ಟೋ ಸಲ ಗದರಿಸಿದ್ದೇನೆ. ಮಗಳು ವಾರಕ್ಕೆ ಎರಡೇ ಸಲ ಅಂತ ಬರೆದು ಅಡಿಯಲ್ಲಿ ಗೆರೆ ಎಳೆದಿದ್ದಳು. ವಾರಕ್ಕೆ ಎರಡು ಸಲ ಹಚ್ಚಿ ಆರು ತಿಂಗಳಲ್ಲಿ ಆಗುವುದು ದಿನಾ ಹಚ್ಚಿದರೆ ಎರಡು ತಿಂಗಳಲ್ಲಿ ಆಗಬೇಕಲ್ಲ ಅಂತ ನಾನು ಲೆಕ್ಕ ಹಾಕಿದೆ. ಒಂದೇ ದಿನ ಐದು ದಿನದ ಮಾತ್ರೆ ನುಂಗಿ ಬಂದ ಅಜ್ಜನೂ ನನಗೆ ಒಮ್ಮೆ ಇದೇ ಲೆಕ್ಕ ಹೇಳಿದ್ದ. ಇನ್ನು ಕೊನೆಯ ಬಿಸಿಲಿನ ಕ್ರೀಮು ನನ್ನ ಬಣ್ಣಕ್ಕೆ ಬೂದಿ ಬಳಿದಂತೆ ಕಾಣುತ್ತಿತ್ತು, ಅದನ್ನು ಬಿಟ್ಟೇಬಿಟ್ಟಿದ್ದೆ. ಹಚ್ಚಬೇಕಾದ್ದನ್ನು ಬಿಟ್ಟೆ, ಬಿಡಬೇಕಾದ್ದನ್ನು ಹಚ್ಚಿದೆ. ಅದೇ ವಾರ ಹಟ್ಟಿಗಳಲ್ಲಿ ಮನೆಮನೆ ಸರ್ವೆ ಬಂತು. ಶಿವರಾತ್ರಿ ಕಳೆದ ಬಿಸಿಲು, ನೆರಳಿಗೆ ಒಂದು ಜಾಲಿಗಿಡ. ಮೂರು ದಿನ ಸುತ್ತಿದೆ.

ನಾಲ್ಕನೇ ದಿನ ಬೆಳಿಗ್ಗೆ ಎದ್ದರೆ ಕಣ್ಣು ಪೂರ್ತಿ ತೆರೆಯಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಕೆನ್ನೆ ಕೆಂಪಗೆ ಊದಿ, ಹಣೆಯಲ್ಲಿ ಸಣ್ಣಸಣ್ಣ ಗುಳ್ಳೆ ಎದ್ದು, ಮುಖವೆಲ್ಲ ಮೆಣಸಿನಕಾಯಿ ಅರೆದು ಬಳಿದಂತೆ ಉರಿಯುತ್ತಿತ್ತು. ಅತ್ತೆಗೆ ಕಾಣದ ಹಾಗೆ ಸೆರಗು ಮುಚ್ಚಿಕೊಂಡು ಆಸ್ಪತ್ರೆಗೆ ಓಡಿದೆ. ಈಗ ನಮಗೆ ಮೊಬೈಲಿನಲ್ಲಿ ಮುಖ ತೋರಿಸಿ ಹಾಜರಿ ಹಾಕುವ ಪದ್ಧತಿ. ತೋರಿಸಿದೆ. ಮುಖ ಹೊಂದಿಕೆಯಾಗುತ್ತಿಲ್ಲ ಅಂತ ಬಂತು. ಬೆಳಕಿಗೆ ಹೋಗಿ ತೋರಿಸಿದೆ, ಗೋಡೆಗೆ ಬೆನ್ನು ಕೊಟ್ಟು ತೋರಿಸಿದೆ, ನಕ್ಕು ತೋರಿಸಿದೆ. ಯಂತ್ರದ ತಪ್ಪೇನೂ ಇರಲಿಲ್ಲ, ನನಗೇ ನನ್ನ ಗುರುತು ಸಿಕ್ಕಿರಲಿಲ್ಲ. ಹತ್ತು ಗಂಟೆ ದಾಟಿದರೆ ಅವತ್ತು ಗೈರುಹಾಜರಿ. ಕೊನೆಗೆ ಬೇರೆ ದಾರಿ ಕಾಣದೆ ಡಾಕ್ಟ್ರು ಮೇಡಂ ಕೋಣೆಗೆ ಹೋಗಿ, "ಮೇಡಂ, ಇದು ನಾನೇ ಅಂತ ಒಂದು ಸಾಲು ಬರೆದುಕೊಡಬೇಕು" ಎಂದೆ.

ನಮ್ಮ ಡಾಕ್ಟ್ರು ಮೇಡಂಗೆ ಮೂವತ್ತೂ ಆಗಿಲ್ಲ. ಕುರ್ಚಿ ತೋರಿಸಿ, ಬೆಳಕಿಗೆ ನನ್ನ ಮುಖ ತಿರುಗಿಸಿ ನೋಡಿ, "ಏನು ಹಚ್ಚಿದ್ರಿ ಸಿಸ್ಟರ್?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷದಿಂದ ಬೇರೆಯವರಿಗೆ ಕೇಳುತ್ತ ಬಂದವಳು. ಎಲ್ಲರೂ ಮೊದಲು ಏನು ಹೇಳುತ್ತಾರೋ ನಾನೂ ಅದನ್ನೇ ಹೇಳಿದೆ, "ಏನೂ ಇಲ್ಲ ಮೇಡಂ." ಅವರು ಪೆನ್ನು ತೆಗೆದುಕೊಂಡು ಸುಮ್ಮನೆ ಕಾದರು. ನಾನು ಒಂದೊಂದಾಗಿ ಹೇಳಿದೆ. ಹತ್ತನ್ನೂ ಬರೆದುಕೊಂಡು, "ಹನ್ನೊಂದನೇದು ಏನಾದ್ರೂ ಐತೇನ್ರಿ?" ಎಂದರು. ಮೂರನೇ ಹಂತ ಆಸಿಡ್ ಎಂದು, ಅದನ್ನು ದಿನಾ ಹಚ್ಚಿ, ಗಡುಸು ನೀರಿನಲ್ಲಿ ಎರಡೆರಡು ಸಲ ತೊಳೆದು, ಈ ಬಿಸಿಲಿಗೆ ಬರೀ ಮುಖದಲ್ಲಿ ಹೋದರೆ ಚರ್ಮ ಇನ್ನೇನು ಮಾಡಬೇಕು ಎಂದು ಕೇಳಿದರು. ಒಂದು ಮುಲಾಮು ಬರೆದರು. "ಕೊರಿಯಾದವರ ಪದ್ಧತಿ ಕೆಟ್ಟದ್ದಲ್ಲ ಸಿಸ್ಟರ್. ಅದು ಅವರ ಚಳಿಗೆ, ಅವರ ನೀರಿಗೆ ಮಾಡಿದ್ದು. ನಿಮ್ಮ ಮುಖಕ್ಕೆ ಏನು ಬೇಕು ಅಂತ ನೀವು ಕೇಳೇ ಇಲ್ಲ. ಎಲ್ಲಾ ನಿಲ್ಲಿಸಿ. ಮುಖ ಪೂರ್ತಿ ವಾಸಿಯಾದ ಮೇಲೆ ಒಂದೊಂದೇ ಮೊದ್ಲು ಕಿವಿ ಹಿಂದೆ ಹಚ್ಚಿ ನೋಡ್ರಿ. ಒಂದು ವಾರ ಸುಮ್ಮನಿದ್ರೆ ಆಮೇಲೆ ಮುಖಕ್ಕೆ" ಅಂದರು. ಹಾಜರಿಗೆ ಸಾಲು ಬರೆದುಕೊಟ್ಟರು. ನಾನು ಏಳುವಾಗ ನೆನಪಿಸಿದರು: "ಇನ್ನು ಮೂರು ತಿಂಗಳಿಗೆ ಜಗಳೂರಲ್ಲಿ ತಾಯಂದಿರ ಸಭೆ ಐತೆ. ಮಗುವಿನ ಚರ್ಮಕ್ಕೆ ಸಿಕ್ಕಿದ್ದೆಲ್ಲ ಹಚ್ಚಬಾರದು ಅನ್ನೋ ವಿಷಯ. ಮಾತಾಡೋರು ನೀವೇ."

ಮನೆಗೆ ಬಂದು ಕಣ್ಣುಮುಚ್ಚಿ ಮಲಗಿದೆ. ಉರಿಗಿಂತ ನಾಚಿಕೆ ಹೆಚ್ಚಾಗಿತ್ತು. ಅತ್ತೆ ಬಂದು ಪಕ್ಕದಲ್ಲಿ ಕೂತರು. ಮನೆಮದ್ದು ಅಂತ ಅಡುಗೆಮನೆಯ ಡಬ್ಬಿಗಳಿಗೆ ಕೈ ಹಾಕಲಿಲ್ಲ. ಮಡಕೆಯ ತಣ್ಣೀರಿನಲ್ಲಿ ಹಳೇ ಪಂಚೆಯ ತುಂಡು ಅದ್ದಿ ಹಿಂಡಿ, "ಬರೀ ನೀರು. ಹಾಕ್ಲೇನು? ನಿಮ್ಮ ಡಾಕ್ಟ್ರು ಬ್ಯಾಡ ಅಂತಾರೇನೋ" ಎಂದು ಕೇಳಿದರು. ಅಷ್ಟು ಕೇಳಿದ್ದಕ್ಕೆ ನನಗೆ ಅಳು ಬಂತು. ಇಷ್ಟು ವರ್ಷ ಅವರು ಮೊಮ್ಮಗಳಿಗೆ ಏನು ಹಚ್ಚಲು ಬಂದರೂ ಬೇಡ ಅಂತ ಕೈ ಹಿಡಿದವಳು ನಾನು. ಬಟ್ಟೆ ಬಿಸಿಯಾದಾಗಲೆಲ್ಲ ಅದ್ದಿ ಅದ್ದಿ ಹಾಕಿದರು.

ಹಾಗೆ ಹಾಕುತ್ತಲೇ ಒಂದು ಮಾತು ಹೇಳಿದರು. ಅವರ ಬಲಗಿವಿಯ ಕೆಳಗೆ, ದವಡೆಯ ಮೇಲೆ ರೂಪಾಯಿ ಅಗಲದ ಒಂದು ಸುಟ್ಟ ಕಲೆ ಇದೆ. ಮದುವೆಯಾದ ಹೊಸತರಲ್ಲಿ ಹಾಲು ಉಕ್ಕಿ ಸಿಡಿದದ್ದು ಅಂತ ನಾವೆಲ್ಲ ಕೇಳಿದ್ದೆವು. "ಹಾಲಲ್ಲ ಅದು. ಅಲ್ಲೊಂದು ಮಚ್ಚೆ ಇತ್ತು, ಕೂದ್ಲು ಬೇರೆ ಬರ್ತಿತ್ತು. ನಿಮ್ಮ ಮಾವ ನೋಡಿ ಏನಂತಾರೋ ಅಂತ ಹೆದ್ರಿಕೆ. ಬಾವಿಗೆ ಬರ್ತಿದ್ದ ಒಬ್ಬಾಕಿ ಕರಿಗೇರಿನ ಎಣ್ಣೆ ಮುಟ್ಟಿಸು, ಉದುರಿ ಹೋಗ್ತೈತೆ ಅಂದ್ಲು. ಮುಟ್ಟಿಸ್ದೆ. ಮಚ್ಚೆ ಜೊತೆಗೆ ಮಾಂಸಾನೂ ಹೋತು." ಕರಿಗೇರಿನ ಎಣ್ಣೆ ತಾಗಿದರೆ ಬೆಂಕಿ ತಾಗಿದಂತೆಯೇ. ನಾನು ಬಟ್ಟೆ ಸರಿಸಿ ಅವರ ಮುಖ ನೋಡಿದೆ. "ಮಾವ ಏನಂದ್ರು?" ಎಂದು ಕೇಳಿದೆ. "ಅವರಿಗೆ ಮಚ್ಚೆ ಇದ್ದಿದ್ದೇ ಗೊತ್ತಿರ್ಲಿಲ್ಲ" ಅಂದರು. ಇಬ್ಬರಿಗೂ ನಗು ಬಂತು. ನಕ್ಕರೆ ಮುಖ ಉರಿಯುತ್ತಿತ್ತು, ಆದರೂ ನಿಲ್ಲಿಸಲು ಆಗಲಿಲ್ಲ. ಮಾರನೇ ದಿನ ಪೂಜೆಗೆ ಅವರೇ ಎರಡೂ ಮಣೆ ಹಾಕಿದರು, ಹಿಂದಿನಂತೆ ಪಕ್ಕಪಕ್ಕ.

ವಾಸಿಯಾಗಲು ಹದಿನೈದು ದಿನ ಹಿಡಿಯಿತು. ಆಮೇಲೆ ಶುರುವಾಯಿತು ನೋಡಿ ನನ್ನ ನಿಜವಾದ ಕೊರಿಯಾ ಪದ್ಧತಿ. ಕನ್ನಡಿಯ ಪಕ್ಕದ ಹಳೇ ಕಾಗದ ಕಿತ್ತು ಹೊಸದು ಅಂಟಿಸಿದೆ, ಅದರಲ್ಲಿ ಏನೂ ಬರೆದಿರಲಿಲ್ಲ. ಒಂದೊಂದೇ ಕಿವಿಯ ಹಿಂದೆ ಹಚ್ಚಿ ನೋಡಿ ಬರೆಯುತ್ತ ಹೋದೆ. ಎಣ್ಣೆ ಹಚ್ಚಿ ತೊಳೆಯುವುದು ಹಟ್ಟಿ ಸುತ್ತಿ ಧೂಳು ಮೆತ್ತಿಕೊಂಡು ಬಂದ ದಿನಕ್ಕೆ ಮಾತ್ರ ಉಳಿಯಿತು. ನೊರೆ ನನಗೆ ಬೇಡವಾಯಿತು, ಮುಖ ಬಿಗಿದು ತಮಟೆಯಂತಾಗುತ್ತಿತ್ತು. ಸೀರಮ್ ಹಚ್ಚಿದ ಕಿವಿ ಮೂರನೇ ದಿನ ತುರಿಸಿತು, ಅದು ಹೋಯಿತು. ಆಸಿಡ್ಡನ್ನು ಕಿವಿಗೂ ತೋರಿಸಲಿಲ್ಲ, ಒದ್ದೆ ಹಾಳೆಯನ್ನು ತಿಮ್ಮಪ್ಪನ ನೆನಪಾಗಿ ಮುಟ್ಟಲೇ ಇಲ್ಲ. ಕಣ್ಣಿನ ಕ್ರೀಮಿಗೂ ಮುಖದ ಕ್ರೀಮಿಗೂ ಡಬ್ಬಿ ಬೇರೆ ಅನ್ನುವುದು ಬಿಟ್ಟರೆ ನನಗೆ ಬೇರೆ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ದಿನಾ ಹಚ್ಚಲು ಉಳಿದದ್ದು ಟೋನರ್, ಮುಖದ ಕ್ರೀಮು, ಬಿಸಿಲಿನ ಕ್ರೀಮು. ಬೂದಿ ಬಣ್ಣ ಬಾರದ ಬಿಸಿಲಿನ ಕ್ರೀಮೊಂದನ್ನು ಮಗಳು ಹುಡುಕಿ ತಂದಳು. ಕೊರಿಯಾದವರಿಂದ ನಾನು ಕಲಿತದ್ದರಲ್ಲಿ ಎರಡು ಸಂಗತಿ ನಿಜಕ್ಕೂ ಚೆನ್ನಾಗಿವೆ. ಮುಖವನ್ನು ಪಾತ್ರೆ ತಿಕ್ಕಿದಂತೆ ತಿಕ್ಕಬಾರದು, ಮಗುವನ್ನು ತಟ್ಟಿದಂತೆ ತಟ್ಟಬೇಕು. ಮತ್ತೆ, ನೀರಿನ ಪಸೆ ಇರುವಾಗಲೇ ಕ್ರೀಮು ಹಚ್ಚಬೇಕು. ಇವೆರಡಕ್ಕೂ ಬಾಟ್ಲಿ ಬೇಕಿಲ್ಲ. ಬಿಳಿಚೋಡಿನಲ್ಲಿ ಎರಡು ಪದರ ಕ್ರೀಮು ಬೇಕು, ರಜೆಗೆ ಚನ್ನಗಿರಿಗೆ ಹೋದರೆ ಒಂದು ಸಾಕು, ತವರಿಗೆ ಹೊನ್ನಾಳಿಗೆ ಹೋದಾಗ ಹೊಳೆ ಗಾಳಿಗೆ ಅದೂ ಭಾರ. ನಾಲ್ಕು ತಾಲ್ಲೂಕಿನ ನೀರು ಕುಡಿದ ಮುಖ ಊರಿಗೊಂದು ಮಾತಾಡುತ್ತದೆ. ನಾನು ಕೇಳಿಸಿಕೊಳ್ಳುವುದನ್ನು ಕಲಿತೆ. ಮೊಬೈಲು ಮತ್ತೆ ನನ್ನ ಗುರುತು ಹಿಡಿಯಿತು.

ಜಗಳೂರಿನ ಸಭೆಯ ದಿನ ಬಂತು. ಸಭಾಂಗಣದಲ್ಲಿ ಎಂಬತ್ತು ಜನ ಹೆಂಗಸರು, ಮಡಿಲಲ್ಲಿ ಮಕ್ಕಳು. ಇಂಥ ಸಭೆಗಳಲ್ಲಿ ನಾನು ಮಾತಾಡಲು ನಿಂತರೆ ಹತ್ತು ನಿಮಿಷಕ್ಕೆ ತಾಯಂದಿರು ಆಕಳಿಸುತ್ತಾರೆ, ಮಕ್ಕಳು ಅಳುತ್ತವೆ. ಬರೆದುಕೊಂಡು ಹೋಗಿದ್ದ ಚೀಟಿಯನ್ನು ಅವತ್ತು ಯಾಕೋ ತೆಗೆಯಲಿಲ್ಲ. ನನ್ನ ಕಥೆಯನ್ನೇ ಹೇಳಿದೆ. ಹತ್ತು ಬಾಟ್ಲಿ, ಊದಿದ ಮುಖ, ಗುರುತು ಸಿಗದ ಹಾಜರಿ, ಎಲ್ಲವನ್ನೂ. ಓದಿ ತಿಳಿದ ನನ್ನಂಥವಳ ಮುಖವೇ ಹೀಗಾದರೆ ಎಳೆಮಗುವಿನ ಚರ್ಮ ಏನಾಗಬೇಡ, ಅವರಿವರು ಹೇಳಿದ್ದನ್ನೆಲ್ಲ ಹಚ್ಚಬೇಡಿ, ಹಚ್ಚುವ ಮುಂಚೆ ನಮ್ಮನ್ನು ಕೇಳಿ ಎಂದೆ. ಇಡೀ ಸಭೆ ನಕ್ಕಿತು, ಒಬ್ಬರೂ ಆಕಳಿಸಲಿಲ್ಲ. ಡಾಕ್ಟ್ರು ಮೇಡಂ ಹಿಂದಿನ ಸಾಲಿನಿಂದ ಚಪ್ಪಾಳೆ ಹೊಡೆದರು. ಇಪ್ಪತ್ತು ವರ್ಷದಲ್ಲಿ ನನ್ನ ಮಾತು ಜನರಿಗೆ ತಟ್ಟಿದ್ದು ಇದೇ ಮೊದಲು ಎಂದು ನನ್ನ ಎದೆ ತುಂಬಿಬಂತು.

ಸಭೆ ಮುಗಿದ ಮೇಲೆ ಹೆಂಗಸರು ನನ್ನನ್ನು ಸುತ್ತುಗಟ್ಟಿದರು. ಮಗುವಿನ ವಿಷಯ ಕೇಳುತ್ತಾರೆಂದು ನಾನು ಸಿದ್ಧಳಾದೆ. ಮುಂದಿದ್ದವಳು ನನ್ನ ಕೆನ್ನೆಯನ್ನೇ ನೋಡುತ್ತ, "ಸಿಸ್ಟ್ರೇ, ಕೊನೆಗೆ ಉಳೀತಲ್ರಿ ಮೂರು, ಅವುಗಳ ಹೆಸರೇನ್ರಿ?" ಎಂದಳು. ಎಲ್ಲರೂ ಮೊಬೈಲು ತೆಗೆದರು. ಅವು ನನ್ನ ಚರ್ಮಕ್ಕೆ ಹೊಂದಿದ್ದು, ನಿಮ್ಮ ಚರ್ಮ ಬೇರೆ, ನಿಮಗೆ ಏನು ಹೊಂದುತ್ತದೋ ನೀವೇ ನೋಡಿಕೊಳ್ಳಬೇಕು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಹೇಳಾಕೆ ಸಿಸ್ಟರ್‌ಗೆ ಮನಸಿಲ್ಲ ಬಿಡ್ರಿ" ಎಂದು ಒಬ್ಬೊಬ್ಬರೇ ಕರಗಿದರು. ಇಷ್ಟು ಹೊತ್ತು ಗಂಟಲು ಹರಿದುಕೊಂಡದ್ದೆಲ್ಲ ಗಾಳಿಗೆ ಹೋಯಿತಲ್ಲ, ಈ ಜನಕ್ಕೆ ಬುದ್ಧಿ ಬರುವುದು ಯಾವಾಗ ಎಂದು ಬೇಸರದಿಂದ ಬ್ಯಾಗು ಎತ್ತಿಕೊಂಡೆ. ಕೊನೆಯಲ್ಲಿ ಉಳಿದಿದ್ದ ಒಬ್ಬ ಬಾಣಂತಿ ಸಮಾಧಾನ ಹೇಳುವವಳಂತೆ, "ಅವೆಲ್ಲ ಯಾಕ್ರಿ ಬೇಕು ಸಿಸ್ಟ್ರೇ. ನಮ್ಮಜ್ಜಿ ದಿನಾ ಅಕ್ಕಚ್ಚಿನಾಗೆ ಮುಖ ತೊಳೀತಾಳೆ, ಅದೇ ಅಕ್ಕಿ ತೊಳೆದ ನೀರಿನಾಗೆ. ಎಂಬತ್ತು ದಾಟೈತೆ, ಮುಖದಾಗೆ ಒಂದು ಗೆರೆ ಇಲ್ಲ" ಅಂದಳು.

ಬಾಗಿಲ ಕಡೆಗೆ ಹೊರಟಿದ್ದವಳು ನಿಂತೆ. ಡಾಕ್ಟ್ರು ಮೇಡಂ ಎಲ್ಲಿದ್ದಾರೆಂದು ಒಮ್ಮೆ ಹಿಂತಿರುಗಿ ನೋಡಿದೆ, ಅವರು ಜೀಪು ಹತ್ತುತ್ತಿದ್ದರು. ಬಾಣಂತಿಯ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದೆ:

"ಮೊದಲನೇ ಸಲ ತೊಳೆದ ನೀರೋ, ಎರಡನೇದೋ?"